ಅಜ್ಜಿ ಕಂಡ ಏಳು ಬಣ್ಣ: ಮನೆಯೊಳಗೆ ಕಾಮನಬಿಲ್ಲು ಬಂದದ್ದು ಹೇಗೆ?

ಆಂಡರ್ಸನ್‌ಪೇಟೆಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಮಿಕ್ಸಿ ಶಬ್ದ ಬಂದ್ರೆ ಕ್ಷಮಿಸಿ, ನಮ್ಮ ಮನೇನೇ ಸ್ಟುಡಿಯೋ.

ಜನವರಿಯಲ್ಲಿ ಅಜ್ಜಿಗೆ ಬಲಗಣ್ಣಿನ ಪೊರೆ ಆಪರೇಷನ್ ಆಯ್ತು. ಮನೆಗೆ ಬಂದ ನಾಲ್ಕನೇ ದಿನ ಬೆಳಿಗ್ಗೆ, "ಗೋಡೆ ಮೇಲೆ ಕಾಮನಬಿಲ್ಲು ಬಂದಿದೆ ಕಣೋ" ಅಂದ್ರು. ನಾನು ಬ್ರಶ್ ಮುಗಿಸಿ ಬರೋಷ್ಟರಲ್ಲಿ ಗೋಡೆ ಖಾಲಿ. ಮರುದಿನವೂ ಅದೇ ಮಾತು. ಅಪ್ಪ ಅಷ್ಟೊತ್ತಿಗೆ ಬೆಂಗಳೂರು ಟ್ರೇನ್‌ನಲ್ಲಿ, ಅಮ್ಮ ಒಲೆ ಮುಂದೆ. ನೋಡಿದವರು ಅಜ್ಜಿ ಒಬ್ಬರೇ.

ನಮಗೆ ಹೆದರಿಕೆ ಆಯ್ತು. ಯಾಕಂದ್ರೆ ದೀಪದ ಸುತ್ತ ಬಣ್ಣದ ಬಳೆ ಕಾಣೋದು ಕಣ್ಣಿನೊಳಗೆ ಒತ್ತಡ ಏರಿರೋದರ, ಅಂದ್ರೆ ಗ್ಲುಕೋಮಾದ ಲಕ್ಷಣ ಆಗಿರಬಹುದು. ಅದರ ಜೊತೆ ಕಣ್ಣು ನೋವು, ಕೆಂಪು, ತಲೆನೋವು, ವಾಂತಿ ಇದ್ರೆ ಒಂದು ಗಂಟೆ ಕೂಡ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು. ಅಜ್ಜಿಗೆ ಇದ್ಯಾವುದೂ ಇರಲಿಲ್ಲ. ಆದರೂ ರಾತ್ರಿ ನಿದ್ದೆ ಬರಲಿಲ್ಲ.

ಮೂರನೇ ದಿನ ಏಳು ಗಂಟೆಗೇ ಮಂಚದ ಪಕ್ಕ ಕೂತೆ. ಏಳೂವರೆ ದಾಟಿತು. ಬಂತು! ಗೋಡೆ ಮೇಲೆ ಬೆರಳಗಲದ ಪಟ್ಟಿ: ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ಕೊನೆಗೆ ನೇರಳೆ. ನನಗೂ ಕಾಣ್ತು. ಕೈ ಅಡ್ಡ ಹಿಡಿದೆ, ಬಣ್ಣ ಕೈ ಮೇಲೆ ಬಂತು. ಕಣ್ಣಿನ ದೋಷವಾಗಿದ್ರೆ ಅದು ದೀಪ ನೋಡಿದ ಕಡೆಯಲ್ಲೆಲ್ಲ ಕಾಣಬೇಕು, ಪಕ್ಕದವರಿಗೆ ಕಾಣಬಾರದು. ಇದು ನಿಜವಾದ ಬೆಳಕು.

ಕೈಯನ್ನ ಹಿಂದಕ್ಕೆ ಸರಿಸ್ತಾ ಬೆಳಕಿನ ದಾರಿ ಹಿಡಿದು ಹೋದೆ. ಸಿಕ್ಕಿದ್ದು ತಾತನ ಬೀರು. ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡೋವಾಗ ಮಾಡಿಸಿದ್ದು. ಅದರ ಕನ್ನಡಿಯ ಅಂಚನ್ನ ಓರೆಯಾಗಿ ಉಜ್ಜಿದ್ದಾರೆ. ಗ್ಲಾಸ್ ಅಂಗಡಿಯವರು ಬೆವೆಲಿಂಗ್ ಅಂತಾರೆ. ಅಜ್ಜಿಯ ಮಂಚಕ್ಕೆ ಜಾಗ ಮಾಡೋಕೆ ಬೀರುವನ್ನ ನಾವೇ ಕಿಟಕಿ ಎದುರಿಗೆ ಸರಿಸಿದ್ವಿ. ಕಿಟಕಿ ಸಂದಿಯ ಬಿಸಿಲು ಸರಿಯಾಗಿ ಆ ಅಂಚಿಗೇ ಬೀಳ್ತಾ ಇತ್ತು.

ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಅರ್ಥ ಆದ ಹಾಗೆ ಹೇಳ್ತೀನಿ. ಬಿಸಿಲು ನಮಗೆ ಬೆಳ್ಳಗೆ ಕಂಡರೂ ಅದರಲ್ಲಿ ಎಲ್ಲಾ ಬಣ್ಣ ಬೆರೆತಿದೆ. ಗಾಜಿನೊಳಗೆ ಓರೆಯಾಗಿ ಹೋದಾಗ ಬೆಳಕು ಬಾಗುತ್ತೆ, ಕೆಂಪು ಕಡಿಮೆ, ನೇರಳೆ ಸ್ವಲ್ಪ ಜಾಸ್ತಿ. ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ ಕೆಂಪಿಗೆ ಸುಮಾರು 1.51, ನೇರಳೆಗೆ ಸುಮಾರು 1.53. ಇಷ್ಟೇ ವ್ಯತ್ಯಾಸ. ಆದರೆ ಇದು ಸರಳ ಬಡ್ಡಿ ಇದ್ದಂಗೆ, ದೂರ ಹೋದಷ್ಟೂ ಬೆಳೆಯುತ್ತೆ. ಕನ್ನಡಿ ಪಕ್ಕದಲ್ಲಿ ಕಾಗದ ಹಿಡಿದರೆ ಬರೀ ಬಿಳಿ, ಅಂಚಿಗೆ ಮಾತ್ರ ಚೂರು ಬಣ್ಣ. ಮೂರು ಮೀಟರ್ ಆಚೆ ಗೋಡೆ ಮೇಲೆ ಬಣ್ಣಗಳು ಬಿಡಿಬಿಡಿ.

ಹಾಗಾದ್ರೆ ಕಿಟಕಿ ಗಾಜಿನಿಂದ ಯಾಕೆ ಬರಲ್ಲ? ಅದರ ಎರಡೂ ಮುಖ ಸಮಾನಾಂತರ. ಒಳಗೆ ಹೋಗ್ತಾ ಬಾಗಿದ್ದು ಹೊರಗೆ ಬರ್ತಾ ಅಷ್ಟೇ ನೆಟ್ಟಗಾಗುತ್ತೆ. ಲೆಕ್ಕ ಚುಕ್ತಾ. ಓರೆ ಅಂಚು ಬೆಣೆ ಥರ ಇರೋದರಿಂದ ಚುಕ್ತಾ ಆಗಲ್ಲ. ಜೊತೆಗೆ ಹಿಂದಿನ ಲೇಪಕ್ಕೆ ತಗುಲಿ ವಾಪಸ್ ಬರೋ ಬೆಳಕು ಅದೇ ಬೆಣೆಯನ್ನ ಎರಡು ಸಲ ದಾಟುತ್ತೆ.

ಬಣ್ಣ ಹುಟ್ಟಿಸೋದು ಗಾಜೇ ಅಂತ ಹಿಂದೆ ಅನೇಕರು ನಂಬಿದ್ರು. 1666ರ ಹೊತ್ತಿಗೆ ನ್ಯೂಟನ್ ಕತ್ತಲೆ ಕೋಣೆಯ ಕಿಟಕಿಯಲ್ಲಿ ಸಣ್ಣ ತೂತು ಮಾಡಿ, ಪಟ್ಟಕದಿಂದ ಬಣ್ಣ ಬಿಡಿಸಿ, ಅದರಲ್ಲಿ ಒಂದನ್ನ ಮಾತ್ರ ಇನ್ನೊಂದು ಪಟ್ಟಕಕ್ಕೆ ಹಾಯಿಸಿದ್ರು. ಆ ಬಣ್ಣ ಬದಲಾಗಲೇ ಇಲ್ಲ. ಅಂದ್ರೆ ಗಾಜು ಹೊಸದೇನೂ ಸೇರಿಸಲ್ಲ, ಇರೋದನ್ನೇ ಬೇರ್ಪಡಿಸುತ್ತೆ. 1672ರಲ್ಲಿ ಇದು ಪ್ರಕಟವಾಯ್ತು.

ಮತ್ತೆ ಪಟ್ಟಿ ಅಷ್ಟು ಬೇಗ ಮಾಯ ಆಗೋದು? ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಮೂರು ಮೀಟರ್ ದೂರದ ಗೋಡೆ ಮೇಲೆ ಅದು ಸುಮಾರು ಐದು ಸೆಂಟಿಮೀಟರ್. ಕಾಲು ಗಂಟೆಯಲ್ಲಿ ಹತ್ತತ್ತಿರ ಒಂದು ಗೇಣು ಸರಿದು, ಬಿಸಿಲು ಕನ್ನಡಿ ಅಂಚು ಬಿಟ್ಟು ಮರದ ಚೌಕಟ್ಟಿಗೆ ಹೋಗ್ತಿತ್ತು.

ನಿಮ್ಮ ಮನೇಲಿ ಇಂಥ ಬೀರು ಇಲ್ಲದಿದ್ರೆ, ಬಿಸಿಲು ಬೀಳೋ ಕಡೆ ಬೇಸನ್‌ನಲ್ಲಿ ನೀರು ಹಾಕಿ, ಸಣ್ಣ ಕನ್ನಡಿಯನ್ನ ಓರೆಯಾಗಿ ಮುಳುಗಿಸಿ. ನೀರೇ ಬೆಣೆ ಆಗುತ್ತೆ. ಅಲೆ ನಿಲ್ಲೋವರೆಗೆ ಕಾಯಿರಿ, ಗೋಡೆ ಅಥವಾ ಸೂರಿನ ಮೇಲೆ ಬಣ್ಣ ಹುಡುಕಿ. ಕನ್ನಡಿಯೊಳಗಿನ ಸೂರ್ಯನನ್ನ ಮಾತ್ರ ನೋಡಬೇಡಿ, ಮಕ್ಕಳಿಗೂ ಹೇಳಿ. ಹಳೇ ಸಿಡಿಯಿಂದಲೂ ಬಣ್ಣ ಬರುತ್ತೆ, ಆದರೆ ಕಾರಣ ಬೇರೆ: ಅದರ ಮೇಲಿನ 1.6 ಮೈಕ್ರೋಮೀಟರ್ ಅಂತರದ ಗೆರೆಗಳು. ಅದನ್ನ ಇನ್ನೊಂದು ಕಂತಿಗೆ ಇಟ್ಕೋತೀನಿ.

ಪೊರೆ ಬಲಿತ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ, ನೇರಳೆಯನ್ನ ತಡೆಯುತ್ತೆ. ಹೊಸ ಮಸೂರ ಹಾಕಿದ ಮೇಲೆ ಅವು ಎದ್ದು ಕಾಣ್ತವೆ. ಅಜ್ಜಿ ಒಂದು ದಿನ ಎಡಗಣ್ಣು ಮುಚ್ಚಿ ನೋಡಿದ್ರು, ಆಮೇಲೆ ಬಲಗಣ್ಣು ಮುಚ್ಚಿ. "ಈ ಕಣ್ಣಲ್ಲಿ ಕೊನೇ ಬಣ್ಣ ಇಲ್ಲವೇ ಇಲ್ಲ" ಅಂದ್ರು. ಎಡಗಣ್ಣಿನ ಆಪರೇಷನ್ ಬೇಡ ಅಂತ ಹಟ ಹಿಡಿದಿದ್ದವರು, ಅವತ್ತು ಸಂಜೆ ಅಪ್ಪನ ಹತ್ರ ತಾವಾಗೇ ತಾರೀಕು ಕೇಳಿದ್ರು. ಬೀರು ಇನ್ನೂ ಅಲ್ಲೇ ಇದೆ.