ಬೆಟ್ಟಾ ಮೀನಿನ ಈಜುರೆಕ್ಕೆಗಳ ಹಾನಿ

ಬೆಟ್ಟಾ ಮೀನಿನ ಈಜುರೆಕ್ಕೆಗಳು ಹರಿಯುವುದು, ಸವೆಯುವುದು ಅಥವಾ ಕೊಳೆಯುವುದು ಅಕ್ವೇರಿಯಂ ಸಾಕಣೆಯಲ್ಲಿ ಆಗಾಗ ಕಂಡುಬರುವ ಸಮಸ್ಯೆಯಾಗಿದೆ. ಥಾಯ್ಲೆಂಡ್ ಮೂಲದ ಈ ಮೀನನ್ನು (ವೈಜ್ಞಾನಿಕ ಹೆಸರು: ಬೆಟ್ಟಾ ಸ್ಪ್ಲೆಂಡೆನ್ಸ್) ಭಾರತದಲ್ಲಿ ಸಾಮಾನ್ಯವಾಗಿ ಫೈಟರ್ ಮೀನು ಎಂದು ಕರೆಯುತ್ತಾರೆ. ಕಾಡುತಳಿಯ ರೆಕ್ಕೆಗಳು ಗಿಡ್ಡವಾಗಿದ್ದು, ಆಯ್ದ ತಳಿವರ್ಧನೆಯಿಂದ ಬಂದ ಸಾಕುತಳಿಗಳ ಗಂಡುಗಳಲ್ಲಿ ಉದ್ದವೂ ತೆಳುವೂ ಆಗಿರುತ್ತವೆ. ಹೀಗಾಗಿ ಅವು ಸುಲಭವಾಗಿ ಹಾನಿಗೊಳಗಾಗುತ್ತವೆ.

ಕಾರಣಗಳು

ಒರಟು ಕಲ್ಲು, ಪ್ಲಾಸ್ಟಿಕ್ ಗಿಡ, ಫಿಲ್ಟರಿನ ಸೆಳೆತ ಹಾಗೂ ಇತರ ಮೀನುಗಳ ಕಡಿತದಿಂದ ರೆಕ್ಕೆ ಹರಿಯಬಹುದು. ಕೆಲವು ಬೆಟ್ಟಾಗಳು ತಮ್ಮ ಬಾಲವನ್ನು ತಾವೇ ಕಚ್ಚಿಕೊಳ್ಳುತ್ತವೆ. ರೆಕ್ಕೆ ಕೊಳೆಯುವ ರೋಗಕ್ಕೆ ಏರೋಮೊನಾಸ್, ಸ್ಯೂಡೋಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳು ಕಾರಣ. ಇವು ನೀರಿನಲ್ಲಿ ಸಾಮಾನ್ಯವಾಗಿ ಇರುವಂತಹವೇ. ಮೀನು ದುರ್ಬಲಗೊಂಡಾಗ ಅಥವಾ ಗಾಯಗೊಂಡಾಗ ಸೋಂಕನ್ನುಂಟುಮಾಡುತ್ತವೆ.

ಬೆಟ್ಟಾ ಮೀನು ಲ್ಯಾಬಿರಿಂತ್ ಎಂಬ ಅಂಗದ ನೆರವಿನಿಂದ ಮೇಲ್ಮೈಯ ಗಾಳಿಯನ್ನು ಉಸಿರಾಡಬಲ್ಲದು. ಆದ್ದರಿಂದ ಅದನ್ನು ಪುಟ್ಟ ಗಾಜಿನ ಬೋಗುಣಿಗಳಲ್ಲಿ ಇರಿಸುವ ರೂಢಿಯಿದೆ. ಆದರೆ ಈ ಅಂಗವು ಆಮ್ಲಜನಕದ ಕೊರತೆಯನ್ನು ನೀಗಿಸುತ್ತದೆಯೇ ಹೊರತು, ಮಲ ಮತ್ತು ಉಳಿದ ಆಹಾರದಿಂದ ಉಂಟಾಗುವ ಅಮೋನಿಯಾದಿಂದ ರಕ್ಷಿಸುವುದಿಲ್ಲ.

ರೋಗನಿರ್ಣಯ

ಹಾನಿಯ ಅಂಚನ್ನು ಗಮನಿಸುವುದು ಮೊದಲ ಹೆಜ್ಜೆ.

* ಯಾಂತ್ರಿಕ ಗಾಯ: ನೇರವಾದ ಸೀಳು ಅಥವಾ ರಂಧ್ರ, ಬಣ್ಣ ಬದಲಾಗಿರುವುದಿಲ್ಲ.
* ಬಾಲ ಕಚ್ಚಿಕೊಳ್ಳುವಿಕೆ: ಬಾಯಿಗೆ ಎಟಕುವ ಭಾಗದಲ್ಲಿ, ಹೆಚ್ಚಾಗಿ ಬಾಲದಲ್ಲಿ, ಅರ್ಧವೃತ್ತಾಕಾರದ ತುಣುಕು ಒಮ್ಮೆಲೇ ಕಾಣೆಯಾಗಿರುತ್ತದೆ.
* ರೆಕ್ಕೆ ಕೊಳೆ: ಅಂಚು ಬಿಳಿ, ಕಪ್ಪು ಅಥವಾ ಕೆಂಪಾಗಿ, ದಿನದಿಂದ ದಿನಕ್ಕೆ ಒಳಮುಖವಾಗಿ ಸವೆಯುತ್ತದೆ.

ಕೆಲವು ಮೀನುಗಳಲ್ಲಿ ಕಪ್ಪು ಅಂಚು ಸಹಜ ಬಣ್ಣವೇ ಆಗಿರುವುದರಿಂದ, ಕೆಲವು ದಿನ ಛಾಯಾಚಿತ್ರ ತೆಗೆದು ಹೋಲಿಸುವುದು ಉಪಯುಕ್ತ. ಜೊತೆಗೆ ನೀರನ್ನೂ ಪರೀಕ್ಷಿಸಬೇಕು. ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯವಾಗಿರಬೇಕು.

ಚಿಕಿತ್ಸೆ

ಎಲ್ಲ ಬಗೆಯ ಹಾನಿಗೂ ಶುದ್ಧ ನೀರೇ ಮೂಲ ಚಿಕಿತ್ಸೆ. ನೀರಿನ ಒಂದು ಭಾಗವನ್ನು ಮತ್ತೆ ಮತ್ತೆ ಬದಲಿಸಿ, ತಾಪಮಾನವನ್ನು 24–28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿಡಬೇಕು. ಹೊಸ ನೀರು ಅದೇ ತಾಪಮಾನದ್ದಾಗಿದ್ದು, ಕ್ಲೋರಿನ್‌ರಹಿತವಾಗಿರಬೇಕು. ಯಾಂತ್ರಿಕ ಗಾಯಗಳು ಸಾಮಾನ್ಯವಾಗಿ ಇಷ್ಟರಿಂದಲೇ ಗುಣವಾಗುತ್ತವೆ.

ಸೌಮ್ಯ ಸೋಂಕಿಗೆ ಪ್ರತಿ ಲೀಟರಿಗೆ 1–3 ಗ್ರಾಂ ಶುದ್ಧ ಉಪ್ಪನ್ನು ಪ್ರತ್ಯೇಕ ತೊಟ್ಟಿಯಲ್ಲಿ ಅಲ್ಪಾವಧಿಗೆ ಬಳಸುವುದುಂಟು. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ಬದಲಿಸಿದ ನೀರಿನ ಪ್ರಮಾಣಕ್ಕೆ ಮಾತ್ರ ಮತ್ತೆ ಸೇರಿಸಬೇಕು. ಸವೆತ ರೆಕ್ಕೆಯ ಬುಡವನ್ನು ಸಮೀಪಿಸಿದರೆ ಅಥವಾ ಮೀನು ಆಹಾರ ಬಿಟ್ಟರೆ ಪಶುವೈದ್ಯರ ಸಲಹೆಯಂತೆ ಪ್ರತಿಜೀವಕ ನೀಡಬೇಕಾಗುತ್ತದೆ. ಆಗ ಫಿಲ್ಟರಿನ ಸಕ್ರಿಯ ಇದ್ದಿಲು ಔಷಧವನ್ನು ಹೀರಿಕೊಳ್ಳುವುದರಿಂದ ಅದನ್ನು ತೆಗೆದಿಡಬೇಕು. ಬರಿಯ ಗಾಯಕ್ಕೆ ಪ್ರತಿಜೀವಕ ಬಳಸುವುದು ಅನಗತ್ಯ. ಅದು ಅಮೋನಿಯಾವನ್ನು ವಿಭಜಿಸುವ ಉಪಯುಕ್ತ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಹುದು.

ಚೇತರಿಕೆ

ಹೊಸ ರೆಕ್ಕೆಯು ಮೊದಲು ಪಾರದರ್ಶಕ ಪೊರೆಯಾಗಿ ಬೆಳೆದು, ಕೆಲವು ವಾರಗಳಲ್ಲಿ ಬಣ್ಣ ಪಡೆಯುತ್ತದೆ. ಇದನ್ನು ಸೋಂಕಿನ ಬಿಳಿ ಅಂಚೆಂದು ತಪ್ಪಾಗಿ ಗ್ರಹಿಸಿ ಚಿಕಿತ್ಸೆ ಮುಂದುವರಿಸುವುದುಂಟು. ಪೊರೆಯು ದಿನೇದಿನೇ ಹೊರಮುಖವಾಗಿ ಬೆಳೆಯುತ್ತಿದ್ದರೆ ಅದು ಚೇತರಿಕೆಯ ಲಕ್ಷಣ. ಸೋಂಕು ರೆಕ್ಕೆಯ ಬುಡವನ್ನೇ ನಾಶಮಾಡಿದ್ದರೆ ರೆಕ್ಕೆ ಪೂರ್ಣವಾಗಿ ಮರಳಿ ಬೆಳೆಯದಿರಬಹುದು.