ದಂಡವೂ ಚಿಕಿತ್ಸೆಯೂ

ನ್ಯಾಯಾಧಿಪತಿಯು ಶಿಕ್ಷೆಯನ್ನು ಓದಿ ಹೇಳಿ ಲೇಖನಿಯನ್ನು ಕೆಳಗಿಟ್ಟೊಡನೆ ನ್ಯಾಯಸ್ಥಾನದ ಕೆಲಸವು ಮುಗಿಯಿತೆಂದು ಲೋಕವು ತಿಳಿಯುತ್ತದೆ. ಆದರೆ ಆ ಮಾತನ್ನು ಕೇಳಿ ತಲೆತಗ್ಗಿಸಿದ ಮನುಷ್ಯನ ಪಾಲಿಗೆ ಕಥೆಯು ಆಗ ಆರಂಭವಾಗತಕ್ಕದ್ದು. ಸೆರೆಮನೆಗೆ ಹೋದವರಲ್ಲಿ ಬಹುಮಂದಿ ಒಂದಲ್ಲ ಒಂದು ದಿನ ನಮ್ಮ ಬೀದಿಗೇ ಮರಳಿ ಬರುತ್ತಾರೆ. ಅವರು ಎಂತಹವರಾಗಿ ಬರುತ್ತಾರೆಂಬುದು ಅವರೊಬ್ಬರ ಪ್ರಶ್ನೆಯಲ್ಲ, ಊರಿನ ಪ್ರಶ್ನೆ. ಇದನ್ನೇ ಜೀವಮಾನದ ವ್ಯಾಸಂಗವಾಗಿ ಮಾಡಿಕೊಂಡ ಅಮೆರಿಕಾದ ಪ್ರಾಧ್ಯಾಪಕ ಡೇವಿಡ್ ವೆಕ್ಸ್ಲರ್ ಅವರ ವಿಷಯವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ವೆಕ್ಸ್ಲರ್ ಅವರು ಅರಿಜೋನಾ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನು ಬೋಧಿಸುತ್ತಿದ್ದವರು. ಮಾನಸಿಕ ರೋಗಿಗಳನ್ನು ಅವರ ಇಚ್ಛೆಗೆ ವಿರೋಧವಾಗಿ ಆಸ್ಪತ್ರೆಯಲ್ಲಿರಿಸುವ ಕ್ರಮವು ಶಾಸನದಲ್ಲಿ ಹೇಗಿದೆ, ವ್ಯವಹಾರದಲ್ಲಿ ಹೇಗೆ ನಡೆಯುತ್ತಿದೆ ಎಂಬುದನ್ನು ಅರಿಜೋನಾದಲ್ಲಿಯೇ ಪರಿಶೀಲಿಸಿ ೧೯೭೧ರಲ್ಲಿ ಪ್ರಕಟಿಸಿದರು. ೧೯೭೩ರಲ್ಲಿ ಇನ್ನೊಂದು ಪ್ರಸಿದ್ಧ ಲೇಖನವನ್ನು ಬರೆದರು. ಆಗ ಕೆಲವು ಆಸ್ಪತ್ರೆಗಳಲ್ಲಿ, ರೋಗಿಯು ಹೇಳಿದಂತೆ ನಡೆದುಕೊಂಡರೆ ಬಿಲ್ಲೆಗಳನ್ನು ಕೊಟ್ಟು, ಆ ಬಿಲ್ಲೆಗಳಿಂದಲೇ ಊಟ ಹಾಸಿಗೆಗಳ ಸೌಕರ್ಯವನ್ನು ಕೊಂಡುಕೊಳ್ಳುವಂತೆ ಮಾಡುವ ಪದ್ಧತಿಯಿತ್ತು. ಕಾನೂನು ಹಕ್ಕೆಂದು ಕೊಟ್ಟುದನ್ನು ಬಹುಮಾನವೆಂದು ತೋರಿಸಲಾಗದು ಎಂಬ ತೊಡಕನ್ನು ವೆಕ್ಸ್ಲರ್ ಅವರು ಎತ್ತಿ ತೋರಿಸಿದರು. ಚಿಕಿತ್ಸೆಯ ಹೆಸರಿನಲ್ಲಿ ನಡೆಯಬಹುದಾದ ಬಲಾತ್ಕಾರವನ್ನು ಅವರು ಹೀಗೆ ಮೊದಲಿಗೇ ಕಂಡವರು. ಮುಂದಿನ ಅವರ ಸಿದ್ಧಾಂತವನ್ನು ತೂಗುವಾಗ ಇದನ್ನು ಮರೆಯಬಾರದು.

ಅದೇ ಕಾಲದಲ್ಲಿ ಆ ದೇಶದ ದಂಡನೀತಿಯು ಬೇರೆ ದಿಕ್ಕಿಗೆ ತಿರುಗಿತು. ಸೆರೆಮನೆಯಲ್ಲಿ ಅಪರಾಧಿಯನ್ನು ತಿದ್ದುವ ಪ್ರಯತ್ನಗಳು ಫಲಿಸುತ್ತಿಲ್ಲವೆಂದು ರಾಬರ್ಟ್ ಮಾರ್ಟಿನ್‌ಸನ್ ಎಂಬವರು ೧೯೭೪ರಲ್ಲಿ ಬರೆದುದು ಬಹಳ ಪ್ರಚಾರವನ್ನು ಪಡೆಯಿತು. ಒಂದೇ ಅಪರಾಧಕ್ಕೆ ಒಬ್ಬ ನ್ಯಾಯಾಧಿಪತಿಯು ಅಲ್ಪ ಶಿಕ್ಷೆಯನ್ನೂ ಇನ್ನೊಬ್ಬನು ಘೋರ ಶಿಕ್ಷೆಯನ್ನೂ ವಿಧಿಸುತ್ತಾನೆಂಬ ಆಕ್ಷೇಪಣೆಯೂ ಬೆಳೆಯಿತು. ಅದರಿಂದ ೧೯೮೪ರ ಶಾಸನವು ಹುಟ್ಟಿತು. ೧೯೮೭ರ ನವೆಂಬರ್ ೧ರಿಂದ ಕೇಂದ್ರ ಸರ್ಕಾರದ ನ್ಯಾಯಸ್ಥಾನಗಳಲ್ಲಿ ಶಿಕ್ಷೆಯ ಕೋಷ್ಟಕವು ಜಾರಿಗೆ ಬಂದಿತು. ಅಪರಾಧದ ೪೩ ದರ್ಜೆಗಳು ಒಂದು ಕಡೆ. ಹಿಂದಿನ ನಡತೆಯ ೬ ವರ್ಗಗಳು ಇನ್ನೊಂದು ಕಡೆ. ಎರಡೂ ಕೂಡುವ ಮನೆಯಲ್ಲಿ ಸೆರೆವಾಸದ ತಿಂಗಳುಗಳು. ೨೦೦೫ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಈ ಕೋಷ್ಟಕವನ್ನು ಸಲಹೆಯ ಮಟ್ಟಕ್ಕೆ ಇಳಿಸುವವರೆಗೂ ಅದು ನ್ಯಾಯಾಧಿಪತಿಗಳನ್ನು ಕಟ್ಟಿಹಾಕಿತ್ತು.

ಕೋಷ್ಟಕವು ಜಾರಿಗೆ ಬಂದ ಆ ೧೯೮೭ರಲ್ಲಿಯೇ ವೆಕ್ಸ್ಲರ್ ಅವರು ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಗೋಷ್ಠಿಯೊಂದಕ್ಕಾಗಿ ತಮ್ಮ ಹೊಸ ವಿಚಾರವನ್ನು ಬರೆದರು. ಅದಕ್ಕೆ ‘ಚಿಕಿತ್ಸಕ ನ್ಯಾಯಶಾಸ್ತ್ರ’ವೆನ್ನಬಹುದು. ಅದರ ಸಾರವು ಸರಳವಾದುದು. ಕಾನೂನಿನ ನಿಯಮಗಳು, ಮೊಕದ್ದಮೆಯ ಕ್ರಮಗಳು, ನ್ಯಾಯಾಧಿಪತಿ ಮತ್ತು ವಕೀಲರ ನಡೆನುಡಿಗಳು, ಈ ಮೂರೂ, ನಾವು ಬಯಸಲಿ ಬಯಸದಿರಲಿ, ಮನುಷ್ಯನ ಮನಸ್ಸಿನ ಮೇಲೆ ಒಳ್ಳೆಯದನ್ನೋ ಕೆಟ್ಟದ್ದನ್ನೋ ಮಾಡಿಯೇ ತೀರುತ್ತವೆ. ಹಾಗಿದ್ದ ಮೇಲೆ ಆ ಪರಿಣಾಮವನ್ನು ಏಕೆ ಪರೀಕ್ಷಿಸಬಾರದು? ೧೯೯೦ ಮತ್ತು ೧೯೯೧ರಲ್ಲಿ ಇದರ ಗ್ರಂಥಗಳು ಹೊರಬಂದುವು. ಎರಡನೆಯದರಲ್ಲಿ ಮಯಾಮಿ ವಿಶ್ವವಿದ್ಯಾನಿಲಯದ ಬ್ರೂಸ್ ವಿನಿಕ್ ಅವರು ಸಹಲೇಖಕರು. ೨೦೧೦ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕಾರ್ಯದಲ್ಲಿ ಜೊತೆಗಿದ್ದರು.

ಕ್ರಿಮಿನಲ್ ನ್ಯಾಯಸ್ಥಾನಗಳ ಕುರಿತು ೧೯೯೩ರಲ್ಲಿ ವೆಕ್ಸ್ಲರ್ ಅವರು ಬರೆದ ಪ್ರಬಂಧವು ನಮ್ಮ ಅಧಿಕಾರಿವರ್ಗಕ್ಕೆ ಹೆಚ್ಚು ಉಪಯುಕ್ತವಾದುದು. ವೈದ್ಯನು ಹೇಳಿದ ಔಷಧವನ್ನು ರೋಗಿಯು ನಿಯಮವಾಗಿ ಸೇವಿಸುವಂತೆ ಮಾಡುವುದು ಹೇಗೆಂದು ಮನಶ್ಶಾಸ್ತ್ರಜ್ಞರು ಶೋಧಿಸಿದ್ದಾರೆ. ಅಪರಾಧಿಯನ್ನು ಷರತ್ತಿನ ಮೇಲೆ ಬಿಡುವಾಗ ಅದೇ ವಿಧಾನವನ್ನು ನ್ಯಾಯಾಧಿಪತಿಯೂ ಅನುಸರಿಸಬಹುದಲ್ಲವೆ? ಷರತ್ತುಗಳನ್ನು ಗಡಗಡನೆ ಓದಿ ಮುಚ್ಚಳಿಕೆಗೆ ರುಜು ಹಾಕಿಸಿಕೊಳ್ಳುವುದು ಒಂದು ಬಗೆ. ಅಪರಾಧಿಯೊಡನೆ ಮಾತನಾಡಿ, ಷರತ್ತುಗಳನ್ನು ಗೊತ್ತುಮಾಡುವುದರಲ್ಲಿ ಅವನನ್ನೂ ಸೇರಿಸಿಕೊಂಡು, ಮನೆಯವರ ಎದುರಿಗೆ ಅವನ ಬಾಯಿಂದಲೇ ವಚನವನ್ನು ಪಡೆಯುವುದು ಇನ್ನೊಂದು ಬಗೆ. ಶಾಸನವು ಎರಡಕ್ಕೂ ಒಂದೇ. ಫಲವು ಒಂದೇ ಅಲ್ಲ. ತಾನಾಗಿ ಆಡಿದ ಮಾತಿಗೆ ಮನುಷ್ಯನು ಹೆಚ್ಚು ಕಟ್ಟುಬೀಳುತ್ತಾನೆ.

ಇದು ಪುಸ್ತಕದ ಬದನೆಕಾಯಿಯೆಂದು ಕೆಲವರು ನಗಬಹುದು. ಆದರೆ ೧೯೮೯ರಲ್ಲಿ ಮಯಾಮಿ ನಗರದ ನ್ಯಾಯಾಧಿಪತಿಗಳು, ಮಾದಕ ವ್ಯಸನಿಗಳು ಮರಳಿ ಮರಳಿ ಕಟಕಟೆಗೆ ಬರುವುದನ್ನು ಕಂಡು ಬೇಸತ್ತು, ಚಿಕಿತ್ಸೆಯನ್ನು ತಾವೇ ಮೇಲ್ವಿಚಾರಿಸುವ ವಿಶೇಷ ನ್ಯಾಯಸ್ಥಾನವನ್ನು ತೆರೆದರು. ಅದು ಈ ಸಿದ್ಧಾಂತದಿಂದ ಹುಟ್ಟಿದುದಲ್ಲ, ಅನುಭವದಿಂದ ಹುಟ್ಟಿದುದು. ಸಿದ್ಧಾಂತವೂ ಅನುಭವವೂ ಬೇಗನೆ ಒಂದನ್ನೊಂದು ಗುರುತಿಸಿದುವು. ೨೦೦೦ದಲ್ಲಿ ಅಮೆರಿಕಾ ಸಂಸ್ಥಾನಗಳ ಮುಖ್ಯ ನ್ಯಾಯಾಧಿಪತಿಗಳ ಸಮ್ಮೇಳನವು ಇಂತಹ ನ್ಯಾಯಸ್ಥಾನಗಳ ಪರವಾಗಿ ನಿರ್ಣಯವನ್ನು ಮಾಡಿತು.

ಆಕ್ಷೇಪಣೆಗಳಿಲ್ಲದೆ ಇಲ್ಲ. ಕ್ರಿಸ್ಟೋಫರ್ ಸ್ಲೊಬೋಗಿನ್ ಎಂಬ ನ್ಯಾಯಪಂಡಿತರು ೧೯೯೫ರಲ್ಲಿಯೇ ಈ ಸಿದ್ಧಾಂತದ ಐದು ಇಕ್ಕಟ್ಟುಗಳನ್ನು ಎತ್ತಿದ್ದಾರೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯು ನ್ಯಾಯಸ್ಥಾನದಲ್ಲಿ ಸಲ್ಲದು. ಅಲ್ಲಿ ವೈದ್ಯನ ಹಿಂದೆ ಪೋಲೀಸಿನವನು ನಿಂತಿರುತ್ತಾನೆ. ಒಂದು ತಿಂಗಳ ಸೆರೆಗೆ ಅರ್ಹನಾದವನನ್ನು ವಾಸಿಮಾಡುವ ನೆಪದಿಂದ ಒಂದು ವರ್ಷ ಕಾವಲಿನಲ್ಲಿಟ್ಟರೆ ಅದು ಕರುಣೆಯೆ? ವಿಚಾರಣೆಯ ಹಕ್ಕುಗಳನ್ನು ಚಿಕಿತ್ಸೆಯ ಲಾಭವು ಮೀರಬಾರದೆಂದು ವೆಕ್ಸ್ಲರ್ ಮತ್ತು ವಿನಿಕ್ ಅವರೇ ಹೇಳಿದ್ದಾರೆ. ಶಿಕ್ಷೆಯ ಎಲ್ಲೆಯನ್ನು ಅಪರಾಧದ ಗುರುತ್ವವೇ ಗೊತ್ತುಮಾಡಬೇಕು. ಆ ಎಲ್ಲೆಯೊಳಗೆ ಮಾತ್ರ ಚಿಕಿತ್ಸೆಗೆ ಎಡೆಯಿರಬೇಕು. ನಮ್ಮ ಅಭಿಪ್ರಾಯವೂ ಇದೇ.

ನಮ್ಮ ದೇಶಕ್ಕೆ ಈ ಮಾತು ಹೊರಗಿನದಲ್ಲ. ನಡತೆಯ ಭರವಸೆಯ ಮೇಲೆ ಅಪರಾಧಿಯನ್ನು ಬಿಡುವ ಶಾಸನವು ೧೯೫೮ರಿಂದ ಇದೆ. ಶಿಕ್ಷೆಯ ವಿಷಯದಲ್ಲಿಯೇ ಅಪರಾಧಿಯ ಮಾತನ್ನು ಪ್ರತ್ಯೇಕವಾಗಿ ಕೇಳಬೇಕೆಂದು ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯು ವಿಧಿಸಿತು. ಕರ್ಣಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧಿಪತಿಗಳಾಗಿದ್ದ ವಿ. ಎಸ್. ಮಳೀಮಠರ ಅಧ್ಯಕ್ಷತೆಯ ಸಮಿತಿಯು ೨೦೦೩ರಲ್ಲಿ ಶಿಕ್ಷೆಗೆ ಮಾರ್ಗಸೂಚಿಗಳು ಬೇಕೆಂದು ಶಿಫಾರಸು ಮಾಡಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು, ೫,೦೦೦ ರೂಪಾಯಿಗೆ ಕಡಿಮೆಯಾದ ಮೊದಲ ಕಳವಿನಲ್ಲಿ ಮಾಲನ್ನು ಹಿಂದಿರುಗಿಸಿದವನಿಗೂ, ಕುಡಿದು ಸಾರ್ವಜನಿಕ ಸ್ಥಳದಲ್ಲಿ ಉಪದ್ರವ ಮಾಡಿದವನಿಗೂ ಸಮಾಜ ಸೇವೆಯನ್ನೇ ಶಿಕ್ಷೆಯಾಗಿ ವಿಧಿಸಲು ಅವಕಾಶವಿತ್ತಿದೆ.

ಬಾಗಿಲು ತೆರೆದಿದೆ, ಒಳಗೆ ಹೋಗುವ ಬಗೆಯು ನಮಗೆ ಬಿಟ್ಟದ್ದು. ಸಮಾಜ ಸೇವೆಯೆಂದರೆ ಎಲ್ಲರೂ ನೋಡುವಂತೆ ಬೀದಿ ಗುಡಿಸಿಸಿ ಅವಮಾನಪಡಿಸುವುದೆಂದು ತಿಳಿದರೆ ಗಾಯದ ಮೇಲೆ ಬರೆ ಎಳೆದಂತಾದೀತು. ತಪ್ಪಿತಸ್ಥನು ತನ್ನ ಕೈಯಾರೆ ಮಾಡಿದ ಒಳ್ಳೆಯ ಕೆಲಸವನ್ನು ಕಂಡು ತಾನೇ ತಲೆಯೆತ್ತುವಂತೆ ಮಾಡಿದರೆ ಶಾಸನವು ಸಾರ್ಥಕವಾದೀತು. ಅದಕ್ಕೆ ಹೊಸ ಕಟ್ಟಡಗಳು ಬೇಕಿಲ್ಲ. ಕಟಕಟೆಯಲ್ಲಿ ನಿಂತವನ ಮುಖವನ್ನು ಒಂದು ನಿಮಿಷ ನೋಡಿ, ಅವನ ಮಾತನ್ನು ಪೂರ್ತಿಯಾಗಿ ಕೇಳುವ ತಾಳ್ಮೆ ಬೇಕು. ನಮ್ಮ ನ್ಯಾಯಾಧಿಕಾರಿಗಳಲ್ಲಿ ಆ ತಾಳ್ಮೆಯಿಲ್ಲವೆಂದು ನಾವು ಹೇಳೆವು; ಅದಕ್ಕೆ ವೇಳೆಯನ್ನು ದೊರಕಿಸಿಕೊಡುವುದು ಸರ್ಕಾರದ ಹೊಣೆಯೆಂದು ಮಾತ್ರ ಹೇಳುತ್ತೇವೆ.