ಊಟದ ತೂಕ, ಕಬ್ಬಿಣದ ಲೆಕ್ಕ

ರಾಶಿ, ಬೆಟ್ಟೆ, ಗೊರಬಲು ಎಂದು ಬೇರ್ಪಡಿಸದೆ ಅಡಿಕೆಯನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಬೆಲೆ ಕಟ್ಟಿದರೆ ನಮ್ಮ ಸದಸ್ಯ ಬಾಂಧವರು ಯಾರೂ ಒಪ್ಪುವುದಿಲ್ಲ. ಊಟದ ವಿಷಯದಲ್ಲಿ ಮಾತ್ರ ನಾವು ಹಾಗೆಯೇ ನಡೆದುಕೊಳ್ಳುತ್ತೇವೆ. ಹೊಟ್ಟೆ ತುಂಬಿದರೆ ಮುಗಿಯಿತು. ಅದರಲ್ಲಿ ಕಬ್ಬಿಣ ಎಷ್ಟು, ಸುಣ್ಣದ ಅಂಶ ಎಷ್ಟು ಎಂದು ಸೊರಬದಲ್ಲಾಗಲಿ ಶಿಕಾರಿಪುರದಲ್ಲಾಗಲಿ ಕೇಳುವವರು ಕಡಿಮೆ.

ಕೇಳಲೇಬೇಕಾದ ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಗದ್ದೆ, ತೋಟ ಇದ್ದ ಮನೆಗೆ ಇದು ಸಂಬಂಧಿಸಿದ್ದಲ್ಲ ಎಂದುಕೊಳ್ಳಬೇಕಾಗಿಲ್ಲ.

ಈಗ ಈ ಲೆಕ್ಕ ಹಾಕಲು ಅಂತರ್ಜಾಲದಲ್ಲಿ ತಂತ್ರಾಂಶಗಳಿವೆ, ಮನೆಯ ಮೊಬೈಲಿನಲ್ಲೇ ಸಿಗುತ್ತವೆ. ತಿಂದ ಪದಾರ್ಥದ ಹೆಸರು ಮತ್ತು ತೂಕ ಕೊಟ್ಟರೆ, ಅದು ತನ್ನೊಳಗಿನ ಕೋಷ್ಟಕ ನೋಡಿ ಗುಣಿಸಿ ಕೂಡಿ ಹೇಳುತ್ತದೆ. ಇದರಲ್ಲಿ ಜಾದೂ ಏನೂ ಇಲ್ಲ. ಕೋಷ್ಟಕ ಒಳ್ಳೆಯದಿದ್ದರೆ ಉತ್ತರ ಒಳ್ಳೆಯದು. ನಮ್ಮ ದೇಶದ ಕೋಷ್ಟಕದ ಕೆಲಸ ಹಳೆಯದು. 1918ರಲ್ಲಿ ಮೆಕ್‌ಕ್ಯಾರಿಸನ್ ಅವರು ಕೂನೂರಿನಲ್ಲಿ ಆರಂಭಿಸಿದ ಸಂಶೋಧನೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಆ ಸಂಸ್ಥೆ 2017ರಲ್ಲಿ ದೇಶದ ಆರು ವಲಯಗಳಿಂದ ಮಾದರಿ ತರಿಸಿ 528 ಆಹಾರಗಳ ಹೊಸ ಕೋಷ್ಟಕ ಪ್ರಕಟಿಸಿತು. 'ನ್ಯೂಟ್ರಿಫೈ ಇಂಡಿಯಾ ನೌ' ಎಂಬ ಮೊಬೈಲ್ ತಂತ್ರಾಂಶವನ್ನೂ ಅದೇ ಸಂಸ್ಥೆ ಹೊರತಂದಿದೆ.

ಒಂದು ದಿನದ ಊಟವನ್ನು ನಾವು ಆ ಕೋಷ್ಟಕದಂತೆ ಲೆಕ್ಕ ಹಾಕಿ ನೋಡಿದೆವು. ಒಬ್ಬ ಹೆಂಗಸಿಗೆ 300 ಗ್ರಾಂ ಬಿಳಿ ಅಕ್ಕಿ, 50 ಗ್ರಾಂ ತೊಗರಿಬೇಳೆ, 200 ಮಿಲಿಲೀಟರ್ ಆಕಳ ಹಾಲು. ತೆಂಗು, ತರಕಾರಿ, ಬೆಲ್ಲ ಸೇರಿಸಿಲ್ಲ. ಪ್ರೋಟೀನು 41 ಗ್ರಾಂ ಬಂತು. 55 ಕಿಲೋ ತೂಕದ ಹೆಂಗಸಿಗೆ ಬೇಕಾದ್ದು ಸುಮಾರು 46. ಇದು ಚಿಂತೆಯ ವಿಷಯವಲ್ಲ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, 300 ಮಿಲಿಗ್ರಾಂ ಮುಟ್ಟಲಿಲ್ಲ, ಬೇಕಾದ್ದು 1000. ಕಬ್ಬಿಣವಂತೂ ನಾಲ್ಕು ಮಿಲಿಗ್ರಾಂ ಆಸುಪಾಸು. 2020ರ ಶಿಫಾರಸಿನಂತೆ ಬೇಕಾದ್ದು 29.

ಅಕ್ಕಿಯಲ್ಲಿ 100 ಗ್ರಾಂ ಕಡಿಮೆ ಮಾಡಿ ಅಷ್ಟೇ ರಾಗಿಯನ್ನು ರೊಟ್ಟಿಗೋ ಅಂಬಲಿಗೋ ಬಳಸಿ, ಜೊತೆಗೆ 100 ಗ್ರಾಂ ಹರಿವೆ ಸೊಪ್ಪು ಸೇರಿಸಿದರೆ ಸುಣ್ಣದ ಅಂಶ ಸಾವಿರದ ಹತ್ತಿರ ಹೋಗುತ್ತದೆ. ಹಿತ್ತಲಿನ ಸೊಪ್ಪಿಗೆ ಇಷ್ಟು ಶಕ್ತಿ! ಆದರೂ ಕಬ್ಬಿಣ 13 ಮಿಲಿಗ್ರಾಂ ದಾಟುವುದಿಲ್ಲ, ಬೇಕಾದ್ದರ ಅರ್ಧವೂ ಆಗಲಿಲ್ಲ. ಕಾಳು, ನುಗ್ಗೆಸೊಪ್ಪು, ತಿನ್ನುವವರಿಗೆ ಮೀನು ಮಾಂಸ, ಎಲ್ಲವೂ ಬೇಕೆಂಬುದು ಇದರಿಂದ ತಿಳಿಯುತ್ತದೆ.

ಲೆಕ್ಕ ತಪ್ಪುವ ಜಾಗಗಳನ್ನೂ ಹೇಳಬೇಕು. 100 ಗ್ರಾಂ ಅಕ್ಕಿ ಬೆಂದರೆ ಎರಡೂವರೆ ಮೂರು ಪಾಲು ತೂಗುತ್ತದೆ. ಅನ್ನವನ್ನು ತೂಗಿ ಅಕ್ಕಿಯ ಹೆಸರಿನಲ್ಲಿ ಬರೆದರೆ, ತಿನ್ನದ ಊಟ ತಿಂದಂತೆ ಕಾಣುತ್ತದೆ. ಹಸಿಯಾಗಿ ತೂಗುವುದೇ ವಾಸಿ. ವಿದೇಶದ ಕೋಷ್ಟಕ ಬಳಸುವ ತಂತ್ರಾಂಶಗಳಲ್ಲಿ ಗೋಧಿ ಹಿಟ್ಟಿಗೆ ಕಬ್ಬಿಣ ಬೆರೆಸಿದ ಲೆಕ್ಕ ಇರುವುದುಂಟು; ಅದು ನಮ್ಮ ಗಿರಣಿಯ ಹಿಟ್ಟಿಗೆ ಹೊಂದುವುದಿಲ್ಲ. ಮಲೆನಾಡಿನ ಸೊಪ್ಪುಗಳೆಲ್ಲ ಪಟ್ಟಿಯಲ್ಲಿ ಇರುವುದಿಲ್ಲ. ಇಲ್ಲದ್ದನ್ನು ಬಿಟ್ಟು ಬರೆಯಿರಿ, ಬೇರೊಂದರ ಹೆಸರು ಹಾಕಬೇಡಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಪಾತ್ರೆಯ ಅಡಿಗೆಯನ್ನೆಲ್ಲ ತೂಗಿ ಮನೆಯ ಜನದಿಂದ ಭಾಗಿಸುವುದು ಸುಲಭ. ಆದರೆ ಸುಲಿಯುವ ದಿನಗಳಲ್ಲಿ ಎಲ್ಲರಿಗೂ ಬಡಿಸಿ, ಆಳುಗಳಿಗೂ ಬಡಿಸಿ, ಕಡೆಗೆ ಕುಳಿತುಕೊಳ್ಳುವವರ ತಟ್ಟೆಗೆ ಬೇಳೆಯ ಗಟ್ಟಿ ಬರುತ್ತದೆಯೇ? ತಿಳಿಸಾರು ಬರುತ್ತದೆ. ಆದ್ದರಿಂದ ತಟ್ಟೆಯನ್ನೇ ತೂಗಬೇಕು, ಅದೂ ಮನೆಯೊಡತಿಯ ತಟ್ಟೆಯನ್ನು ಮೊದಲು. ತಂತ್ರಾಂಶ ಶ್ರಮದ ಬಗೆ ಕೇಳುತ್ತದೆ. ಅಡಿಕೆ ಸುಲಿಯುವುದು ಕುಳಿತು ಮಾಡುವ ಕೆಲಸವೆಂದು 'ಹಗುರ' ಎಂದು ಬರೆಯಬಾರದು. ಅಡಿಗೆ, ಕೊಟ್ಟಿಗೆ, ನೀರು ಸೇರಿದರೆ ಅದು ಮಧ್ಯಮ ಶ್ರಮ. ಹಗುರ ಶ್ರಮಕ್ಕೆ 1660 ಕಿಲೋಕ್ಯಾಲರಿ, ಮಧ್ಯಮಕ್ಕೆ 2130 ಬೇಕು.

ಕಾಫಿ ಬೆಳೆಗಾರರಿಗೆ ರುಚಿಸದ ಮಾತೊಂದಿದೆ. ಊಟದ ಜೊತೆಗೋ ಊಟವಾದ ಕೂಡಲೇ ಕುಡಿದ ಕಾಫಿ, ಚಹಾ ಸೊಪ್ಪು ಕಾಳುಗಳ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಸಾಮಾನ್ಯ ತಂತ್ರಾಂಶಕ್ಕೆ ಇದು ಗೊತ್ತಾಗದು, ಅದು ತಿಂದದ್ದನ್ನಷ್ಟೇ ಕೂಡುತ್ತದೆ. ಕಾಫಿ ಬಿಡಬೇಕಾಗಿಲ್ಲ, ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರವಿರಲಿ. ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣ ಹೆಚ್ಚು ಹತ್ತುತ್ತದೆ.

ಮೂರು ದಿನದ ಊಟ ಬರೆದಿಟ್ಟರೆ ಸಾಕು, ಅದರಲ್ಲಿ ಒಂದು ಸಂತೆಯ ದಿನವಿರಲಿ. ಲೆಕ್ಕದಲ್ಲಿ ಕಬ್ಬಿಣ ಕಡಿಮೆ ಕಂಡವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ರಕ್ತಹೀನತೆ ಇದೆಯೋ ಇಲ್ಲವೋ ಎಂದು ಹೇಳುವುದು ಆ ಪರೀಕ್ಷೆ, ಮೊಬೈಲಲ್ಲ. ಗರ್ಭಿಣಿಯರು ಲೆಕ್ಕ ಏನೇ ಹೇಳಲಿ, ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಕನಿಷ್ಠ 180 ದಿನ ತಪ್ಪದೆ ತೆಗೆದುಕೊಳ್ಳಬೇಕು.